ಮೊದಲ ಮಸೂರ: ರಿಡ್ಲಿ ಪ್ರಸಂಗದ ದಿನಾಂಕ ಮತ್ತು ಅಳತೆಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪದಗಳು

ಪೊರೆ ಬಂದ ಮಸೂರವನ್ನು ತೆಗೆದು ಆ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸುವ ಶಸ್ತ್ರಕ್ರಿಯೆಯ ಆರಂಭವನ್ನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೇತ್ರತಜ್ಞ ಹ್ಯಾರಲ್ಡ್ ರಿಡ್ಲಿ (1906–2001) ಅವರಿಗೆ ಸಲ್ಲಿಸುವುದು ರೂಢಿ. ಈ ಟಿಪ್ಪಣಿಗೆ ಅದರಲ್ಲಿ ತಕರಾರಿಲ್ಲ. ಆ ಘಟನೆಯ ಜೊತೆಗೆ ಹೇಳಲಾಗುವ ಮೂರು ವಿವರಗಳನ್ನು, ಅಂದರೆ ದಿನಾಂಕ, ವಿಮಾನ ಮತ್ತು ಮಸೂರದ ಅಳತೆಗಳನ್ನು, ಬೇರೆ ಬೇರೆಯಾಗಿ ಪರಿಶೀಲಿಸುವುದು ಇಲ್ಲಿಯ ಮುಖ್ಯ ಉದ್ದೇಶ. ಮೂರರಲ್ಲಿ ಕೊನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಉಳಿದೆರಡರ ಗೊಂದಲ ಪರಿಚಿತವಾದುದು. ಅಳತೆಗಳ ಗೊಂದಲ ಮಾತ್ರ ಲೆಕ್ಕ ಹಾಕಿ ನೋಡದೆ ಕಣ್ಣಿಗೆ ಬೀಳುವಂಥದಲ್ಲ.

ಪದಗಳ ಬಗ್ಗೆ ಎರಡು ಮಾತು. 'ಪೊರೆ' ಎಂಬ ರೂಢಿಯ ಪದ ಕಣ್ಣಿನ ಮೇಲೆ ತೆಳುವಾದ ಹೊದಿಕೆಯೊಂದು ಬೆಳೆದಿದೆ ಎಂಬ ಭಾವನೆ ಹುಟ್ಟಿಸುತ್ತದೆ. ವಾಸ್ತವದಲ್ಲಿ ಮಂದವಾಗಿರುವುದು ಮಸೂರವೇ. ಇಂದಿನ ಶಸ್ತ್ರಕ್ರಿಯೆಯಲ್ಲಿ ಮಸೂರದ ತಿರುಳನ್ನು ತೆಗೆದು, ಅದನ್ನು ಸುತ್ತಿರುವ ನಿಜವಾದ ಪೊರೆಯನ್ನು, ಅಂದರೆ ಮಸೂರದ ಚೀಲವನ್ನು, ಬಹುಪಾಲು ಉಳಿಸಿಕೊಳ್ಳುತ್ತಾರೆ. ಹೀಗಾಗಿ 'ಪೊರೆ ತೆಗೆಯುವುದು' ಎಂಬ ಮಾತು ಅಕ್ಷರಶಃ ಅರ್ಥದಲ್ಲಿ ತಲೆಕೆಳಗಾಗಿದೆ. ರೂಢಿಯನ್ನು ಬದಲಿಸಲಾಗದು ಎಂಬ ಕಾರಣಕ್ಕೆ ಅದನ್ನೇ ಬಳಸಿದೆ. 'ಮಸೂರ' ಎಂಬುದು ಮಸೂರ ಬೇಳೆಯಿಂದ, ಅಂದರೆ ನಮ್ಮ ಚನ್ನಂಗಿಯಿಂದ, ಬಂದ ಪದ. ಲ್ಯಾಟಿನ್ನಿನಲ್ಲಿ ಅದೇ ಬೇಳೆಯ ಹೆಸರು 'ಲೆನ್ಸ್'. ಎರಡೂ ಕಡೆ ಹೋಲಿಕೆ ಒಂದೇ.

ಪ್ರಾಶಸ್ತ್ಯದ ವಿಷಯದಲ್ಲಿ ಒಂದು ಹಿಂದಿನ ಉಲ್ಲೇಖವನ್ನು ಸೇರಿಸಬೇಕು. ಜಾಕೊಮೊ ಕ್ಯಾಸನೋವಾನ ನೆನಪುಗಳಲ್ಲಿ ತಾದೀನಿ ಎಂಬ ಕಣ್ಣುವೈದ್ಯ ಇಂತಹ ಆಲೋಚನೆಯನ್ನು ಮುಂದಿಟ್ಟ ಪ್ರಸಂಗವಿದೆ. 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಡ್ರೆಸ್ಡೆನ್ ನಗರದ ಕಣ್ಣುವೈದ್ಯ ಕಾಸಮಾಟಾ ಗಾಜಿನ ಮಸೂರವನ್ನು ಕಣ್ಣಿನೊಳಗೆ ಇಡಲು ಹೋಗಿ, ಅದು ಹಿಂದಕ್ಕೆ ಬಿದ್ದುಹೋಯಿತೆಂಬ ವರದಿಯಿದೆ. ಗಾಜಿನ ಸಾಂದ್ರತೆ ನೀರಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಎಂಬುದನ್ನು ನೆನೆದರೆ ಆ ಫಲಿತಾಂಶ ಅಚ್ಚರಿಯದಲ್ಲ. 'ಮೊದಲ' ಎಂಬ ವಿಶೇಷಣವನ್ನು ಮುಂದೆ 'ಕಣ್ಣಿನಲ್ಲಿ ಉಳಿದು ದೃಷ್ಟಿ ಕೊಟ್ಟ ಮೊದಲ' ಎಂಬ ಸೀಮಿತ ಅರ್ಥದಲ್ಲಿ ಬಳಸಿದೆ.

2. ಎರಡು ದಿನಾಂಕಗಳು

ಮುದ್ರಿತ ಬರಹಗಳಲ್ಲಿ ಎರಡು ದಿನಾಂಕಗಳು ಸಿಗುತ್ತವೆ: 1949ರ ನವೆಂಬರ್ 29 (ಮಂಗಳವಾರ) ಮತ್ತು 1950ರ ಫೆಬ್ರುವರಿ 8 (ಬುಧವಾರ). ನಡುವಿನ ಅಂತರ 71 ದಿನ. ಎರಡೂ ಒಬ್ಬರೇ ರೋಗಿಗೆ, ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ 45 ವರ್ಷದ ಮಹಿಳೆಗೆ, ಸಂಬಂಧಿಸಿದವು. ಆದ್ದರಿಂದ ಒಂದು ಸರಿ, ಇನ್ನೊಂದು ತಪ್ಪು ಎಂದು ತೀರ್ಮಾನಿಸುವ ಪ್ರಶ್ನೆ ಇದಲ್ಲ.

ಸಾಮಾನ್ಯವಾಗಿ ಒಪ್ಪಿತವಾಗಿರುವ ಅನುಕ್ರಮ ಹೀಗಿದೆ: ನವೆಂಬರ್ 29ರಂದು ಮಸೂರದ ತಿರುಳನ್ನು ಚೀಲದಿಂದ ಹೊರತೆಗೆಯಲಾಯಿತು, ಕೃತಕ ಮಸೂರ ಕಣ್ಣಿನಲ್ಲಿ ಕಾಯಂ ಆಗಿ ಉಳಿದದ್ದು ಫೆಬ್ರುವರಿ 8ರಂದು. ಮೊದಲ ದಿನ ಕೃತಕ ಮಸೂರಕ್ಕೆ ಸಂಬಂಧಿಸಿದಂತೆ ನಡೆದದ್ದೇನು ಎಂಬಲ್ಲಿ ನಿರೂಪಣೆಗಳು ಕವಲೊಡೆಯುತ್ತವೆ. ಮಸೂರವನ್ನು ಒಳಗಿಟ್ಟು, ಹೊಂದಿಕೆ ನೋಡಿ, ಹೊರತೆಗೆದರು ಎಂಬುದು ಒಂದು. ಆ ದಿನ ಪೊರೆಯ ಶಸ್ತ್ರಕ್ರಿಯೆ ಮಾತ್ರ ನಡೆದು, ಕಣ್ಣು ಶಾಂತವಾದ ಮೇಲೆ ಎರಡನೆಯ ಹಂತದಲ್ಲಿ ಮಸೂರವನ್ನಿಟ್ಟರು ಎಂಬುದು ಇನ್ನೊಂದು. ಮೊದಲ ನಿರೂಪಣೆಯ ಪ್ರಕಾರ ನವೆಂಬರ್ 29ಕ್ಕೆ 'ಮೊದಲ ಒಳಸೇರಿಕೆ' ಎಂಬ ಅರ್ಥ ಉಳಿಯುತ್ತದೆ. ಎರಡನೆಯದನ್ನು ಒಪ್ಪಿದರೆ ಅದು ಕೇವಲ ಸಿದ್ಧತೆಯ ದಿನ. ರಿಡ್ಲಿ ಸ್ವತಃ ನವೆಂಬರ್ 29ನ್ನೇ ಆರಂಭದ ದಿನವೆಂದು ಎಣಿಸಿದ್ದು ಮೊದಲ ನಿರೂಪಣೆಯ ಕಡೆಗೆ ತೂಗುತ್ತದೆ. ಆದರೆ ಕರ್ತೃವಿನ ನೆನಪು ಆಸ್ಪತ್ರೆಯ ದಾಖಲೆಗೆ ಸಮವಲ್ಲ. ಅದನ್ನು ನಿರ್ಣಾಯಕ ಎನ್ನುವುದು ಹೆಚ್ಚಾದೀತು.

ಸ್ಮರಣೆಯ ವಸ್ತುಗಳು 1949ನ್ನೇ ಗಟ್ಟಿ ಮಾಡಿವೆ. ಬ್ರಿಟನ್ನಿನ ಅಂಚೆ ಇಲಾಖೆ 2010ರಲ್ಲಿ ವೈದ್ಯಕೀಯ ಸಾಧನೆಗಳ ಕುರಿತು ಹೊರತಂದ ಆರು ಅಂಚೆಚೀಟಿಗಳಲ್ಲಿ ರಿಡ್ಲಿಯ ಮಸೂರವೂ ಒಂದು, ವರ್ಷ 1949. (ಅದೇ ಗುಚ್ಛದಲ್ಲಿ ಮಲೇರಿಯಾ ಪರಾವಲಂಬಿಯ ರೊನಾಲ್ಡ್ ರಾಸ್ 1897ರ ವರ್ಷದೊಂದಿಗೆ ಇದ್ದಾರೆ. ಅದಕ್ಕೆ ಎರಡು ವರ್ಷ ಮೊದಲು ರಾಸ್ ಬೆಂಗಳೂರಿನಲ್ಲಿ ಕಾಲರಾ ತಡೆಯ ಕೆಲಸದಲ್ಲಿದ್ದರೆಂಬುದು ಇಲ್ಲಿಯ ಓದುಗರಿಗೆ ನೆನಪಿರಬಹುದು.)

ಪ್ರಕಟಣೆಯ ದಿನಾಂಕಗಳು ಇನ್ನೊಂದು ಪದರ. ರಿಡ್ಲಿ ಆರಂಭದ ಶಸ್ತ್ರಕ್ರಿಯೆಗಳನ್ನು ಬಹಿರಂಗಪಡಿಸಲಿಲ್ಲ. ಸಾಕಷ್ಟು ಕಾಲ ರೋಗಿಗಳನ್ನು ಗಮನಿಸಿದ ಮೇಲೆ ಹೇಳುವುದು ಅವರ ಎಣಿಕೆಯಾಗಿತ್ತು. ಅವರ ರೋಗಿಯೊಬ್ಬರು ಅದೇ ಉಪನಾಮದ ಇನ್ನೊಬ್ಬ ನೇತ್ರತಜ್ಞ ಫ್ರೆಡರಿಕ್ ರಿಡ್ಲಿಯವರ ಬಳಿಗೆ ಕಣ್ತಪ್ಪಿನಿಂದ ಹೋದದ್ದರಿಂದ ಗುಟ್ಟು ಹೊರಬಿತ್ತೆಂದು ಹೇಳುತ್ತಾರೆ. 1951ರ ಜುಲೈ 9ರಂದು ಆಕ್ಸ್‌ಫರ್ಡ್ ನೇತ್ರವೈದ್ಯ ಸಮ್ಮೇಳನದಲ್ಲಿ ರೋಗಿಗಳ ಸಮೇತ ವಿಷಯ ಮಂಡನೆಯಾಯಿತು. 'ದಿ ಲ್ಯಾನ್ಸೆಟ್' ಪತ್ರಿಕೆಯ ಲೇಖನ 1952ರ ಜನವರಿಯದು. ಅದೇ ವರ್ಷ 'ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿ'ಯಲ್ಲೂ ಲೇಖನ ಬಂತು. ಹೀಗೆ ಒಂದೇ ಸಂಗತಿಗೆ 1949, 1950, 1951, 1952 ಎಂಬ ನಾಲ್ಕು ವರ್ಷಗಳು ಉಲ್ಲೇಖಗಳಲ್ಲಿ ಕಾಣುವುದು ಸಹಜ. ಯಾವ ಕ್ರಿಯೆಯನ್ನು ಎಣಿಸಲಾಗಿದೆ ಎಂಬುದನ್ನು ಹೇಳದೆ ವರ್ಷ ಮಾತ್ರ ಕೊಡುವುದೇ ಗೊಂದಲದ ಮೂಲ.

3. ವಿಮಾನ

ಯುದ್ಧಕಾಲದಲ್ಲಿ ವಿಮಾನಚಾಲಕರ ಕಣ್ಣಿನಲ್ಲಿ ನೆಟ್ಟುಕೊಂಡ ಪರ್ಸ್‌ಪೆಕ್ಸ್ (ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್) ಚೂರುಗಳು ಉರಿಯೂತ ಉಂಟುಮಾಡದೆ ಉಳಿದದ್ದನ್ನು ಕಂಡು ರಿಡ್ಲಿ ಆ ವಸ್ತುವನ್ನು ಆರಿಸಿದರು ಎಂಬ ಕಥೆ ಪ್ರಸಿದ್ಧ. ಜನಪ್ರಿಯ ಬರಹಗಳು ಇಲ್ಲಿ 'ಸ್ಪಿಟ್‌ಫೈರ್' ಎನ್ನುತ್ತವೆ. ಹೆಸರಿನಿಂದ ಗುರುತಿಸಲಾಗುವ ಚಾಲಕ ಗೋರ್ಡನ್ ಕ್ಲೀವರ್ 601ನೆಯ ಸ್ಕ್ವಾಡ್ರನ್ನಿನವರು. 1940ರ ಆಗಸ್ಟ್ ನಡುಭಾಗದಲ್ಲಿ ಅವರು ಗಾಯಗೊಂಡಾಗ ಆ ಸ್ಕ್ವಾಡ್ರನ್ ಹಾರಿಸುತ್ತಿದ್ದದ್ದು 'ಹರಿಕೇನ್'. ಹೆಚ್ಚು ಹೆಸರಾದ ವಿಮಾನ ಕಡಿಮೆ ಹೆಸರಾದದ್ದರ ಜಾಗವನ್ನು ಆಕ್ರಮಿಸಿದೆ ಎನ್ನಬಹುದು. ಒಡೆದದ್ದು ಚಾಲಕನ ತಲೆಯ ಮೇಲಿನ ಪರ್ಸ್‌ಪೆಕ್ಸ್ ಮುಚ್ಚಳ. ಕ್ಲೀವರ್ ಆ ಹೊತ್ತಿನಲ್ಲಿ ರಕ್ಷಣಾ ಕನ್ನಡಕ ಹಾಕಿರಲಿಲ್ಲ. ಮುಖ ಮತ್ತು ಕಣ್ಣುಗಳಿಗೆ ಒಟ್ಟು 18 ಶಸ್ತ್ರಕ್ರಿಯೆಗಳಾದವು.

ಈ ವೀಕ್ಷಣೆಗೂ ಶಸ್ತ್ರಕ್ರಿಯೆಗೂ ನಡುವೆ ಒಂಬತ್ತು ವರ್ಷಗಳಿವೆ. ಪ್ರಚೋದನೆಯಾಗಿ ಉಲ್ಲೇಖವಾಗುವುದು ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪೊರೆಯ ಶಸ್ತ್ರಕ್ರಿಯೆಯನ್ನು ನೋಡುತ್ತ, ತೆಗೆದ ಮಸೂರದ ಬದಲು ಬೇರೊಂದನ್ನು ಇಡುವುದಿಲ್ಲವೇ ಎಂಬರ್ಥದಲ್ಲಿ ಆಡಿದ ಮಾತು. ವಸ್ತುವಿನ ಆಯ್ಕೆಗೆ ವಿಮಾನದ ಚೂರುಗಳನ್ನೂ, ಕೆಲಸದ ಆರಂಭಕ್ಕೆ ಈ ಮಾತನ್ನೂ ಕಾರಣವೆಂದು ಬೇರ್ಪಡಿಸಿ ನೋಡುವುದು ಹೆಚ್ಚು ಸಮಂಜಸ. ಇನ್ನೊಂದು ಎಚ್ಚರಿಕೆ ಅಗತ್ಯ. ವಿಮಾನದ ಪರ್ಸ್‌ಪೆಕ್ಸ್ ಮತ್ತು ಮಸೂರದ ಪರ್ಸ್‌ಪೆಕ್ಸ್ ಒಂದೇ ಶುದ್ಧತೆಯವಲ್ಲ. ರೇನರ್ ಕಂಪನಿಯ ಜಾನ್ ಪೈಕ್ ಮಸೂರದ ವಿನ್ಯಾಸ ನೋಡಿಕೊಂಡರೆ, ಐಸಿಐ ಕಂಪನಿಯ ಜಾನ್ ಹೋಲ್ಟ್ ಇದಕ್ಕೆಂದೇ ಹೆಚ್ಚು ಶುದ್ಧವಾದ ಪಾಲಿಮೀಥೈಲ್ ಮೆಥಾಕ್ರಿಲೇಟನ್ನು ಒದಗಿಸಿದರು. ಅದಕ್ಕೆ ನಂತರ 'ಪರ್ಸ್‌ಪೆಕ್ಸ್ ಸಿಕ್ಯೂ' ಎಂಬ ಹೆಸರು ಬಂತು.

4. ಅಳತೆಗಳು

4.1. ರಿಡ್ಲಿ ಮಸೂರದ ವಿವರವೆಂದು ಮತ್ತೆ ಮತ್ತೆ ಮುದ್ರಿತವಾಗುವ ಅಂಕಿಗಳು ಇವು: ವ್ಯಾಸ 8.35 ಮಿ.ಮೀ., ನಡುವಿನ ದಪ್ಪ 2.40 ಮಿ.ಮೀ., ಮುಂಬದಿಯ ವಕ್ರತಾ ತ್ರಿಜ್ಯ 17.8 ಮಿ.ಮೀ., ಹಿಂಬದಿಯದು 10.7 ಮಿ.ಮೀ., ಗಾಳಿಯಲ್ಲಿ ತೂಕ 112 ಮಿ.ಗ್ರಾಂ., ಕಣ್ಣಿನ ಜಲರಸದಲ್ಲಿ ಶಕ್ತಿ ಸುಮಾರು 24 ಡಯಾಪ್ಟರ್. ಮೊದಲ ರೋಗಿಯ ಫಲಿತಾಂಶವೂ ಅಷ್ಟೇ ಪರಿಚಿತ: −18.0 ಗೋಳ, −6.0 ಸಿಲಿಂಡರ್, ಅಕ್ಷ 120 ಡಿಗ್ರಿ; ಕನ್ನಡಕದೊಂದಿಗೆ ದೃಷ್ಟಿ 6/18. ಈ ಎರಡು ಗುಂಪುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿದೆ. ಅವು ಒಂದೇ ಮಸೂರಕ್ಕೆ ಸೇರಬಲ್ಲವೇ ಎಂಬುದು ಪ್ರಶ್ನೆ.

4.2. ಮೊದಲು ಅಂಕಿಗಳ ಒಳಹೊಂದಾಣಿಕೆ. ಪಾಲಿಮೀಥೈಲ್ ಮೆಥಾಕ್ರಿಲೇಟಿನ ವಕ್ರೀಭವನ ಸೂಚ್ಯಂಕ 1.491, ಜಲರಸದ್ದು 1.336 ಎಂದು ಹಿಡಿದರೆ ವ್ಯತ್ಯಾಸ 0.155. ಮೇಲಿನ ತ್ರಿಜ್ಯಗಳಿಂದ ಮುಂಬದಿಗೆ 8.7, ಹಿಂಬದಿಗೆ 14.5 ಡಯಾಪ್ಟರ್ ಬರುತ್ತದೆ. ದಪ್ಪಕ್ಕೆ ತಿದ್ದುಪಡಿ ಮಾಡಿದ ಮೇಲೆ ಒಟ್ಟು 23.0. ಮುದ್ರಿತ 24ಕ್ಕೆ ಇದು ಸಾಕಷ್ಟು ಸಮೀಪ. ತೂಕದ ಹೊಂದಾಣಿಕೆ ಇದಕ್ಕಿಂತ ಉತ್ತಮ. 8.35 ಮಿ.ಮೀ. ವ್ಯಾಸಕ್ಕೆ ಮುಂಬದಿಯ ಉಬ್ಬು 0.50, ಹಿಂಬದಿಯದು 0.85 ಮಿ.ಮೀ.; ಉಳಿದ 1.06 ಮಿ.ಮೀ. ಅಂಚಿನ ದಪ್ಪ. ಒಟ್ಟು ಗಾತ್ರ 95.0 ಘನ ಮಿ.ಮೀ. ಸಾಂದ್ರತೆ 1.18 ಎಂದುಕೊಂಡರೆ ತೂಕ 112.1 ಮಿ.ಗ್ರಾಂ. ಅಂಚಿನ ನಯಗೊಳಿಕೆಯಲ್ಲಿ ಹೋಗುವ ಅಲ್ಪ ಭಾಗವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹೀಗೆ ವ್ಯಾಸ, ದಪ್ಪ, ತ್ರಿಜ್ಯ, ತೂಕ, ಶಕ್ತಿ ಎಲ್ಲವೂ ಒಂದೇ ವಸ್ತುವಿನ ಅಳತೆಗಳೆಂದು ಒಪ್ಪಲು ಅಡ್ಡಿಯಿಲ್ಲ.

4.3. ಇನ್ನು ಆ ವಸ್ತು ಮೊದಲ ರೋಗಿಯ ಕಣ್ಣಿನಲ್ಲಿತ್ತೇ ಎಂಬುದು. ಸರಳ ಮಾದರಿ ಕಣ್ಣೊಂದನ್ನು ತೆಗೆದುಕೊಳ್ಳೋಣ: ಕಾರ್ನಿಯಾದ ಶಕ್ತಿ 43 ಡಯಾಪ್ಟರ್, ಕಣ್ಣಿನ ಉದ್ದ 24 ಮಿ.ಮೀ., ಕೃತಕ ಮಸೂರ ಕಾರ್ನಿಯಾದಿಂದ 5 ಮಿ.ಮೀ. ಹಿಂದೆ, ಕನ್ನಡಕ 12 ಮಿ.ಮೀ. ಮುಂದೆ. ಈ ಕಣ್ಣಿಗೆ ಕನ್ನಡಕವಿಲ್ಲದೆ ದೂರದೃಷ್ಟಿ ಕೊಡಬಲ್ಲ ಮಸೂರದ ಶಕ್ತಿ 19.1 ಡಯಾಪ್ಟರ್ ಎಂದು ಬರುತ್ತದೆ. ಮಾದರಿಯ ಪರೀಕ್ಷೆಗಾಗಿ, 1980ರ ಆಸುಪಾಸಿನಲ್ಲಿ ಬಳಕೆಗೆ ಬಂದ ಎಸ್‌ಆರ್‌ಕೆ ಸೂತ್ರವನ್ನು 118.4 ಸ್ಥಿರಾಂಕದೊಂದಿಗೆ ಅನ್ವಯಿಸಿದರೆ 19.7 ಸಿಗುತ್ತದೆ. ಈ ಟಿಪ್ಪಣಿಯ ಅಗತ್ಯಕ್ಕೆ ಅಷ್ಟು ಹೊಂದಾಣಿಕೆ ಸಾಕು.

ಈ ಕಣ್ಣಿನಲ್ಲಿ 23 ಡಯಾಪ್ಟರಿನ ಮಸೂರವನ್ನಿಟ್ಟರೆ ಉಳಿಯುವ ಸಮೀಪದೃಷ್ಟಿ ಕನ್ನಡಕದ ಮಟ್ಟದಲ್ಲಿ ಸುಮಾರು −3. ಮಸೂರದ ಸ್ಥಾನವನ್ನು 4 ಮಿ.ಮೀ.ಗೆ ತಂದರೆ −4.5, 6 ಮಿ.ಮೀ.ಗೆ ಒಯ್ದರೆ −1.4. ಮೊದಲ ರೋಗಿಯ ಅಂಕಿಯನ್ನು ಗೋಳ ಸಮಾನಕ್ಕೆ ಇಳಿಸಿದರೆ −21. ಇವುಗಳ ನಡುವಿನ ಅಂತರವನ್ನು ಮಸೂರ ಅತ್ತಿತ್ತ ಸರಿದದ್ದರಿಂದ ವಿವರಿಸಲಾಗದು. 23 ಡಯಾಪ್ಟರಿನ ಮಸೂರದೊಂದಿಗೆ −21 ಬರಬೇಕಾದರೆ ಕಣ್ಣಿನ ಉದ್ದ 30.7 ಮಿ.ಮೀ. ಇರಬೇಕಾಗುತ್ತದೆ. ಅದು ತೀವ್ರ ಸಮೀಪದೃಷ್ಟಿಯ ರೋಗಗ್ರಸ್ತ ಕಣ್ಣಿನ ಅಳತೆ. ಮೊದಲ ಪ್ರಯೋಗಕ್ಕೆ ಅಂತಹ ಕಣ್ಣನ್ನು ಆರಿಸಿರುವ ಸಂಭವ ಕಡಿಮೆ.

4.4. ಮೊದಲ ಮಸೂರವನ್ನು ಸಹಜ ಮಸೂರದ ವಕ್ರತೆಯನ್ನೇ ಅನುಸರಿಸಿ ಮಾಡಲಾಗಿತ್ತು, ಹೊಸ ವಸ್ತುವಿನ ಹೆಚ್ಚಿನ ಸೂಚ್ಯಂಕ ಲೆಕ್ಕಕ್ಕೆ ಸರಿಯಾಗಿ ಬಂದಿರಲಿಲ್ಲ ಎಂಬ ವಿವರಣೆ ಬಹುಕಾಲದಿಂದ ಇದೆ. ಅದನ್ನು ಅಂಕಿಗಳಲ್ಲಿ ಪರೀಕ್ಷಿಸಬಹುದು. ಗುಲ್‌ಸ್ಟ್ರಾಂಡ್ ಕೊಟ್ಟ ಮಾದರಿ ಕಣ್ಣಿನಲ್ಲಿ ಮಸೂರದ ತ್ರಿಜ್ಯಗಳು 10.0 ಮತ್ತು 6.0 ಮಿ.ಮೀ., ದಪ್ಪ 3.6 ಮಿ.ಮೀ. ಇದೇ ಆಕಾರವನ್ನು ಪಾಲಿಮೀಥೈಲ್ ಮೆಥಾಕ್ರಿಲೇಟಿನಲ್ಲಿ ಎರಕ ಹೊಯ್ದರೆ ಜಲರಸದಲ್ಲಿ ಶಕ್ತಿ 40.4 ಡಯಾಪ್ಟರ್. ಮೇಲಿನ ಮಾದರಿ ಕಣ್ಣಿನಲ್ಲಿ ಅದು ಉಳಿಸುವ ಸಮೀಪದೃಷ್ಟಿ ಸುಮಾರು −20. ದಾಖಲಾದ −21ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಡಯಾಪ್ಟರ್. ಇಷ್ಟು ನಿಕಟತೆ ಭಾಗಶಃ ಆಕಸ್ಮಿಕವಿರಬೇಕು. ಮಸೂರದ ಸ್ಥಾನವನ್ನು ಒಂದು ಮಿ.ಮೀ. ಬದಲಿಸಿದರೂ ಉತ್ತರ ಮೂರು ನಾಲ್ಕು ಡಯಾಪ್ಟರ್ ಹೊರಳುತ್ತದೆ. ಆದರೂ ಸಹಜ ವಕ್ರತೆಯ ವಿವರಣೆ ನಿಲ್ಲುತ್ತದೆ, 17.8–10.7ರ ಜೋಡಿ ನಿಲ್ಲುವುದಿಲ್ಲ ಎಂಬಷ್ಟನ್ನು ಹೇಳಲು ಅವಕಾಶವಿದೆ.

4.5. ಇನ್ನೊಂದು ಪುರಾವೆ ಶುದ್ಧ ರೇಖಾಗಣಿತದ್ದು. 10.0 ಮತ್ತು 6.0 ಮಿ.ಮೀ. ತ್ರಿಜ್ಯಗಳ ಮಸೂರಕ್ಕೆ 8.35 ಮಿ.ಮೀ. ವ್ಯಾಸ ಕೊಟ್ಟರೆ ಎರಡು ಉಬ್ಬುಗಳ ಮೊತ್ತವೇ 2.60 ಮಿ.ಮೀ. ಆಗುತ್ತದೆ (0.91 ಮತ್ತು 1.69). ನಡುವಿನ ದಪ್ಪ 2.40 ಇರಲು ಸಾಧ್ಯವಿಲ್ಲ, ಅಂಚೇ ಉಳಿಯುವುದಿಲ್ಲ. ಆದ್ದರಿಂದ ಮೊದಲ ಮಸೂರ ಸಹಜ ವಕ್ರತೆಯದಾಗಿದ್ದರೆ, ಅದರ ದಪ್ಪ 2.40 ಆಗಿರಲಿಲ್ಲ, ಇಲ್ಲವೇ ವ್ಯಾಸ 8.35 ಆಗಿರಲಿಲ್ಲ. ದಪ್ಪ 3.6 ಎಂದುಕೊಂಡರೆ ತೂಕ 152 ಮಿ.ಗ್ರಾಂ. ಎಂದು ಬರುತ್ತದೆ. ಇದು ಊಹೆಯ ಮೇಲೆ ಕಟ್ಟಿದ ಊಹೆಯಾದ್ದರಿಂದ ಉಲ್ಲೇಖಕ್ಕೆ ಯೋಗ್ಯವಲ್ಲ. 112 ಎಂಬ ಅಂಕಿಯನ್ನು ಮೊದಲ ಮಸೂರಕ್ಕೆ ಅಂಟಿಸುವುದು ಸಂದೇಹಾಸ್ಪದ ಎಂಬುದನ್ನು ತೋರಿಸಲು ಮಾತ್ರ ಇಲ್ಲಿ ಕೊಟ್ಟಿದೆ.

4.6. ತಿದ್ದಿದ ಮಸೂರ ಹುಟ್ಟಿದ್ದು ಹೇಗೆ ಎಂಬುದರ ಸುಳಿವೂ ಈ ತ್ರಿಜ್ಯಗಳಲ್ಲಿದೆ. 17.8ನ್ನು 10.0ರಿಂದ ಭಾಗಿಸಿದರೆ 1.78. 10.7ನ್ನು 6.0ರಿಂದ ಭಾಗಿಸಿದರೂ 1.78. ಅಂದರೆ ಗುಲ್‌ಸ್ಟ್ರಾಂಡರ ಎರಡೂ ತ್ರಿಜ್ಯಗಳನ್ನು ಒಂದೇ ಗುಣಕದಿಂದ ಹಿಗ್ಗಿಸಿದಂತಿದೆ. ಮುಂಬದಿ ಹಿಂಬದಿಗಳ ಸಹಜ ಅನುಪಾತವನ್ನು ಕೆಡಿಸದೆ ಶಕ್ತಿಯನ್ನು ಮಾತ್ರ ಇಳಿಸಬೇಕಾದರೆ ಇದೇ ನೇರ ದಾರಿ. 0.155ನ್ನು 1.78ರಿಂದ ಭಾಗಿಸಿ 1.336ಕ್ಕೆ ಕೂಡಿಸಿದರೆ 1.423 ಸಿಗುತ್ತದೆ, ಸಹಜ ಮಸೂರದ ಒಟ್ಟಾರೆ ಸೂಚ್ಯಂಕವೆಂದು ಬಳಕೆಯಲ್ಲಿರುವ 1.42ಕ್ಕೆ ಇದು ತೀರ ಹತ್ತಿರ. ಪೈಕ್ ಅವರು 'ಸಹಜ ಮಸೂರ 1.42, ನಮ್ಮ ವಸ್ತು 1.49' ಎಂಬ ಹೋಲಿಕೆಯಿಂದಲೇ ಗುಣಕವನ್ನು ಪಡೆದಿರಬಹುದು. ಇದು ಅಂಕಿಗಳಿಂದ ಹಿಂದಕ್ಕೆ ನಡೆದು ಮಾಡಿದ ಅನುಮಾನ, ವಿನ್ಯಾಸಕಾರರ ಹೇಳಿಕೆಯಲ್ಲ. ಕಣ್ಣಿನಲ್ಲಿ ಕಂಡ ತಪ್ಪಿನಿಂದ ನೇರವಾಗಿ ತಿದ್ದಿಕೊಂಡು ಇದೇ ಅಂಕಿಗೆ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಆದರೆ ಹಾಗೆ ಬಂದಿದ್ದರೆ ಎರಡೂ ತ್ರಿಜ್ಯಗಳಲ್ಲಿ ಗುಣಕ ಎರಡನೆಯ ದಶಮಾಂಶದವರೆಗೆ ಒಂದೇ ಆಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

4.7. ಸಿಲಿಂಡರ್ ಬಗ್ಗೆ ಒಂದು ಸಾಲು. −6.0 ಎಂಬ ಅಸಮದೃಷ್ಟಿಯನ್ನು ಮಸೂರದ ದೋಷಕ್ಕೆ ಸೇರಿಸುವುದು ಸರಿಯಲ್ಲ. ಎಂಟು ಮಿ.ಮೀ.ಗಿಂತ ಅಗಲವಾದ ಗಡುಸು ಬಿಲ್ಲೆಯನ್ನು ಒಳಗಿಡಲು ಕಾರ್ನಿಯಾದ ಅಂಚನ್ನು ಅರ್ಧ ಸುತ್ತಿನಷ್ಟು ಬಿಡಿಸಬೇಕಾಗಿದ್ದ ಕಾಲ ಅದು. ಗಾಯ ಮಾಯುವಾಗಿನ ಎಳೆತವೇ ಸಾಕಷ್ಟು ಕಾರಣ.

5. ತೂಕ ಮತ್ತು ಜಾರುವಿಕೆ

ರಿಡ್ಲಿ ಮಸೂರದ ಮುಖ್ಯ ತೊಡಕುಗಳು ಉರಿಯೂತ, ಕಣ್ಣಿನ ಒತ್ತಡದ ಏರಿಕೆ ಮತ್ತು ಮಸೂರದ ಜಾರುವಿಕೆ. ರಿಡ್ಲಿ ತಮ್ಮ ಕೈಯಿಂದ ಇಟ್ಟ ಮಸೂರಗಳು ಸಾವಿರದಷ್ಟು, ಅವುಗಳಲ್ಲಿ ಹಿಂತೆಗೆಯಬೇಕಾದವು ಶೇ. 15ರಷ್ಟು ಎಂಬುದು ಸಾಮಾನ್ಯವಾಗಿ ಕೊಡುವ ಸ್ಥೂಲ ಅಂಕಿ. ಜಾರುವಿಕೆಗೆ 'ಮಸೂರ ಭಾರವಾಗಿತ್ತು' ಎಂಬ ಕಾರಣವನ್ನು ಪಠ್ಯಗಳು ಕೊಡುತ್ತವೆ. ಇದಕ್ಕೆ ತುಸು ತಿದ್ದುಪಡಿ ಬೇಕೆನಿಸುತ್ತದೆ.

ಗಾಳಿಯಲ್ಲಿ 112 ಮಿ.ಗ್ರಾಂ. ತೂಗುವ 95 ಘನ ಮಿ.ಮೀ. ಬಿಲ್ಲೆ ಜಲರಸದಲ್ಲಿ ತೂಗುವುದು ಸುಮಾರು 17 ಮಿ.ಗ್ರಾಂ. ಮಾತ್ರ. ವಯಸ್ಕರ ಸಹಜ ಮಸೂರದ ತೂಕ 200 ಮಿ.ಗ್ರಾಂ. ದಾಟುತ್ತದೆ, ಅದರ ಸಾಂದ್ರತೆ 1.09ರ ಆಸುಪಾಸು ಎಂದು ಹಿಡಿದರೆ ಜಲರಸದಲ್ಲಿ ಅದರ ತೂಕವೂ ಸುಮಾರು ಅಷ್ಟೇ ಆಗುತ್ತದೆ. ಆದ್ದರಿಂದ ತಿದ್ದಿದ ರಿಡ್ಲಿ ಮಸೂರ ತಾನು ಬದಲಿಸಿದ ವಸ್ತುವಿಗಿಂತ ಗಣನೀಯವಾಗಿ ಭಾರವಾಗಿತ್ತು ಎನ್ನುವುದು ಕಷ್ಟ. ಕೊರತೆಯಿದ್ದದ್ದು ಆಧಾರದಲ್ಲಿ. ಸಹಜ ಮಸೂರ ಸುತ್ತಲೂ ನೂರಾರು ಎಳೆಗಳಿಂದ ತೂಗುಹಾಕಿಕೊಂಡಿರುತ್ತದೆ. ಅದರ ವ್ಯಾಸ 9 ಮಿ.ಮೀ.ಗೂ ಹೆಚ್ಚು. 8.35 ಮಿ.ಮೀ. ಬಿಲ್ಲೆ ತನಗಿಂತ ದೊಡ್ಡದಾದ, ಮುಂಬದಿ ಹರಿದ ಚೀಲದಲ್ಲಿ ಯಾವ ಕೊಂಡಿಯೂ ಇಲ್ಲದೆ ಕೂತಿತ್ತು. ಕೆಳಭಾಗದ ಎಳೆಗಳು ಶಸ್ತ್ರಕ್ರಿಯೆಯಲ್ಲಿ ಹರಿದಿದ್ದರೆ ಹದಿನೇಳು ಮಿ.ಗ್ರಾಂ. ಕೂಡ ಜಾರಲು ಸಾಕು.

ಮುಂದಿನ ಕಾಲು ಶತಮಾನದ ಬೆಳವಣಿಗೆ ಈ ಓದಿಗೆ ಒಪ್ಪುತ್ತದೆ: ಕೆಲಸವೆಲ್ಲ ನಡೆದದ್ದು ಆಧಾರವನ್ನು ಹುಡುಕುವುದರಲ್ಲಿ. ಸ್ಟ್ರಾಂಪೆಲ್ಲಿ ಮೊದಲಾದ ನೇತ್ರತಜ್ಞರು 1950ರ ದಶಕದ ಮೊದಲ ವರ್ಷಗಳಲ್ಲಿ ಮಸೂರವನ್ನು ಪಾಪೆಯ (ಐರಿಸ್‌ನ) ಮುಂದಕ್ಕೆ ತಂದರು. ಕಾರ್ನಿಯಾ ಕೆಡುವ ಸಮಸ್ಯೆ ಎದುರಾಯಿತು. ಬಿಂಕ್‌ಹಾರ್ಸ್ಟ್ 1958ರಿಂದ ಮಸೂರವನ್ನು ಪಾಪೆಗೇ ಕ್ಲಿಪ್ಪಿನಂತೆ ಸಿಕ್ಕಿಸಿದರು. 1977ರಲ್ಲಿ ಶಿಯರಿಂಗ್ ಅವರು ಸ್ಪ್ರಿಂಗಿನಂಥ ಎರಡು ಎಳೆಕಾಲುಗಳಿರುವ ಮಸೂರದೊಂದಿಗೆ ಪಾಪೆಯ ಹಿಂದಕ್ಕೆ, ಅಂದರೆ ರಿಡ್ಲಿ ಆರಂಭಿಸಿದ ಜಾಗಕ್ಕೇ, ಮರಳಿದರು.

6. ಕ್ಷಾರ, ಮತ್ತು ಇನ್ನೊಬ್ಬ ರಿಡ್ಲಿ

ಆರಂಭದ ಉರಿಯೂತಗಳಿಗೆ ವಸ್ತುವೇ ಕಾರಣವೆಂಬ ಶಂಕೆ ಆಗ ಪ್ರಬಲವಾಗಿತ್ತು. ಪಾಲಿಮೀಥೈಲ್ ಮೆಥಾಕ್ರಿಲೇಟನ್ನು ಕುದಿಸಿದರೆ ಆಕಾರ ಕೆಡುತ್ತದೆ. ಹಾಗಾಗಿ ಮಸೂರಗಳನ್ನು ಸೆಟ್ರಿಮೈಡ್ ದ್ರಾವಣದಲ್ಲಿ ನೆನೆಸಿ ಕ್ರಿಮಿಶುದ್ಧಿ ಮಾಡುತ್ತಿದ್ದರು. ಆ ರಾಸಾಯನಿಕದ ಅಂಶ ಮಸೂರದ ಮೈಯಲ್ಲಿ ಉಳಿದು ಕಣ್ಣಿನೊಳಗೆ ಬಿಡುಗಡೆಯಾಗುತ್ತಿತ್ತು ಎಂಬುದು ನಂತರದ ತಿಳಿವು. 1957ರಲ್ಲಿ ಸೋಡಿಯಂ ಹೈಡ್ರಾಕ್ಸೈಡಿನಿಂದ ಕ್ರಿಮಿಶುದ್ಧಿ ಮಾಡಿ ಬಳಿಕ ಅದನ್ನು ನಿರ್ವೀರ್ಯಗೊಳಿಸುವ ಕ್ರಮವನ್ನು ಪ್ರಕಟಿಸಿದವರು ಫ್ರೆಡರಿಕ್ ರಿಡ್ಲಿ, ಅಂದರೆ §2ರಲ್ಲಿ ಬಂದ ಅದೇ ಇನ್ನೊಬ್ಬ ರಿಡ್ಲಿ. ಇಬ್ಬರೂ ಲಂಡನ್ನಿನ ನೇತ್ರತಜ್ಞರಾದ್ದರಿಂದ, ಮೊದಲಕ್ಷರ ಬಿಟ್ಟು 'ರಿಡ್ಲಿ, 1957' ಎಂದಷ್ಟೇ ಬರೆದ ಉಲ್ಲೇಖಗಳನ್ನು ಓದುವಾಗ ಜಾಗ್ರತೆ ಬೇಕು.

ಈ ವಿವರಕ್ಕೆ ಮಹತ್ವವಿದೆ. 1957ಕ್ಕೆ ಮೊದಲಿನ ಫಲಿತಾಂಶಗಳನ್ನು ಮಸೂರದ ವಿನ್ಯಾಸದ ಫಲಿತಾಂಶಗಳೆಂದು ಪೂರ್ತಿಯಾಗಿ ಓದಲಾಗದು. ಶೇ. 15 ಎಂಬ ಅಂಕಿಯಲ್ಲಿ ವಿನ್ಯಾಸದ ಪಾಲೆಷ್ಟು, ಸೆಟ್ರಿಮೈಡಿನ ಪಾಲೆಷ್ಟು ಎಂಬುದು ಬೇರ್ಪಟ್ಟಿಲ್ಲ.

7. ಕರ್ನಾಟಕದ ಸಂದರ್ಭದಲ್ಲಿ

§4.3ರ ಮಾದರಿ ಕಣ್ಣಿನಲ್ಲಿ ಮಸೂರ ತೆಗೆದು ಏನನ್ನೂ ಇಡದಿದ್ದರೆ ಬೇಕಾಗುವ ಕನ್ನಡಕ +11.0 ಡಯಾಪ್ಟರ್. ಹಳೆಯ ತಲೆಮಾರಿನ ಕನ್ನಡಿಗರು 'ಸೋಡಾಬುಡ್ಡಿ' ಎಂದು ಕರೆದ ದಪ್ಪ ಗಾಜು ಇದೇ. ಅದರಲ್ಲಿ ವಸ್ತುಗಳು ಶೇ. 25ರಿಂದ 30ರಷ್ಟು ದೊಡ್ಡದಾಗಿಯೂ ಆದ್ದರಿಂದ ಹತ್ತಿರವಾಗಿಯೂ ತೋರುತ್ತವೆ. ಒಂದು ಕಣ್ಣಿಗೆ ಮಾತ್ರ ಶಸ್ತ್ರಕ್ರಿಯೆಯಾಗಿದ್ದರೆ ಎರಡು ಕಣ್ಣಿನ ಬಿಂಬಗಳು ಕೂಡುವುದೇ ಇಲ್ಲ. ಲೋಟಕ್ಕೆ ನೀರು ಸುರಿಯುವಾಗ, ಮೆಟ್ಟಿಲಿಳಿಯುವಾಗ ಅಂದಾಜು ತಪ್ಪುತ್ತಿದ್ದದ್ದು ಈ ಕಾರಣದಿಂದ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ (1916–2005) ಸಾಮೂಹಿಕ ನೇತ್ರಶಿಬಿರಗಳು ನಡೆದ ದಶಕಗಳಲ್ಲಿ ದೇಶದ ಶಿಬಿರಗಳ ಸಾಮಾನ್ಯ ಪದ್ಧತಿ ಮಸೂರವನ್ನು ಚೀಲಸಮೇತ ಪೂರ್ತಿ ತೆಗೆದು ಕನ್ನಡಕ ಕೊಡುವುದು. ಒಂದೇ ದಿನ 833 ಶಸ್ತ್ರಕ್ರಿಯೆಗಳೆಂಬ ಮೋದಿಯವರ ದಾಖಲೆಯನ್ನು ಓದುವಾಗ ಈ ತಾಂತ್ರಿಕ ಹಿನ್ನೆಲೆಯನ್ನು ಮರೆಯಬಾರದು. ಚೀಲಸಮೇತ ತೆಗೆಯುವ ವಿಧಾನ ವೇಗಕ್ಕೆ ಒಗ್ಗುತ್ತಿತ್ತು. ಆದರೆ ಪಾಪೆಯ ಹಿಂದೆ ಮಸೂರ ಕೂರಲು ಬೇಕಾದ ಹಾಸು ಅದರಲ್ಲಿ ಉಳಿಯುತ್ತಿರಲಿಲ್ಲ. ಕೃತಕ ಮಸೂರ ಬರಬೇಕಾದರೆ ಮಸೂರ ಅಗ್ಗವಾದರಷ್ಟೇ ಸಾಲದು. ಚೀಲ ಉಳಿಸುವ ವಿಧಾನವನ್ನು, ಸೂಕ್ಷ್ಮದರ್ಶಕದಡಿ, ಶಸ್ತ್ರಚಿಕಿತ್ಸಕರು ಹೊಸದಾಗಿ ಕಲಿಯಬೇಕಿತ್ತು. ರಿಡ್ಲಿ ಎದುರಿಸಿದ ಆಕ್ಷೇಪಗಳಲ್ಲಿ ಇದೂ ಒಂದು: ಆಗಿನ ಪ್ರಗತಿಪರ ವಿಧಾನ ಚೀಲಸಮೇತ ತೆಗೆಯುವುದಾಗಿದ್ದು, ಅವರು ಚೀಲ ಉಳಿಸುವ ಹಳೆಯ ವಿಧಾನಕ್ಕೆ ಹಿಂದಿರುಗಬೇಕಾಗಿತ್ತು.

ಭಾರತದಲ್ಲಿ ಬೆಲೆಯ ಅಡ್ಡಿ ಕರಗಲು ತೊಡಗಿದ್ದು 1992ರಲ್ಲಿ. ಅರವಿಂದ ಕಣ್ಣಾಸ್ಪತ್ರೆಯ ಬಳಗ ಮದುರೆಯಲ್ಲಿ ಆರಂಭಿಸಿದ ಆರೋಲ್ಯಾಬ್, ಆಗ ನೂರು ಡಾಲರಿನ ಆಸುಪಾಸಿನಲ್ಲಿದ್ದ ಆಮದು ಮಸೂರಕ್ಕೆ ಪರ್ಯಾಯವಾಗಿ ಹತ್ತು ಡಾಲರಿನ ಮಟ್ಟದ ಮಸೂರವನ್ನು ತಯಾರಿಸಿತು. ವಸ್ತು ಅದೇ ಪಾಲಿಮೀಥೈಲ್ ಮೆಥಾಕ್ರಿಲೇಟ್. ವಿಶ್ವಬ್ಯಾಂಕ್ ನೆರವಿನ ಪೊರೆ ಅಂಧತ್ವ ನಿಯಂತ್ರಣ ಯೋಜನೆ (1994–2002) ಏಳು ರಾಜ್ಯಗಳಿಗೆ ಸೀಮಿತವಾಗಿತ್ತು: ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಮಧ್ಯಪ್ರದೇಶ, ಒರಿಸ್ಸಾ, ರಾಜಸ್ಥಾನ, ಉತ್ತರಪ್ರದೇಶ. ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಹಾಗಾಗಿ ಆ ಯೋಜನೆಯ ಒಟ್ಟು ಅಂಕಿಗಳನ್ನು ಕರ್ನಾಟಕದಲ್ಲಿ ಕನ್ನಡಕದಿಂದ ಕೃತಕ ಮಸೂರಕ್ಕೆ ಆದ ಬದಲಾವಣೆಯ ವೇಗವನ್ನು ಅಳೆಯಲು ಬಳಸುವುದು ಸಾಧುವಲ್ಲ. ಅದಕ್ಕೆ ಜಿಲ್ಲಾ ಅಂಧತ್ವ ನಿಯಂತ್ರಣ ಸಂಘಗಳ ವರ್ಷವಾರು ಪಟ್ಟಿಗಳನ್ನೇ, ಮಸೂರ ಇಟ್ಟ ಮತ್ತು ಇಡದ ಶಸ್ತ್ರಕ್ರಿಯೆಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ತೆಗೆದು, ನೋಡಬೇಕಾಗುತ್ತದೆ.